ಸಹಾಯ ಬೇಕು: ಪೈಥಾನ್ + ಎಸ್‌ಕ್ಯೂಲೈಟ್, ಬಳಕೆದಾರರು ಹೇಳಿದ ಕಾಲಂ ಪ್ರಕಾರ ಸಾರ್ಟ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಗೆ ಟರ್ಮಿನಲ್‌ನಲ್ಲೇ ಪುಸ್ತಕ ಹುಡುಕುವ ಚಿಕ್ಕ ಪ್ರೋಗ್ರಾಂ ಬರೆಯುತ್ತಿದ್ದೇನೆ; ಪುಸ್ತಕಗಳ ಪಟ್ಟಿ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿದೆ. ಇನ್‌ಪುಟ್ ಫಂಕ್ಷನ್‌ನಿಂದ ಲೇಖಕರ ಹೆಸರು ಕೇಳಿ, ಕ್ವೆರಿಯ (ಡೇಟಾಬೇಸ್‌ಗೆ ಕೊಡುವ ಆದೇಶದ) ವೇರ್ ಭಾಗದಲ್ಲಿ, ಅಂದರೆ ಯಾವ ಸಾಲುಗಳು ಬೇಕು ಅಂತ ಹೇಳುವ ಕಡೆ, ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಆ ಹೆಸರನ್ನು ಕ್ವೆರಿ ನಡೆಸುವ ಎಕ್ಸಿಕ್ಯೂಟ್‌ಗೆ ಟ್ಯೂಪಲ್ (ಮೌಲ್ಯಗಳ ಗುಂಪು) ಆಗಿ ಕೊಡುತ್ತೇನೆ. ಇಷ್ಟು ಚೆನ್ನಾಗಿ ನಡೆಯುತ್ತದೆ. ಹೆಸರಿನಲ್ಲಿ ಸಿಂಗಲ್ ಕೋಟ್ ಬಂದರೂ ತೊಂದರೆ ಇಲ್ಲ.

ತಲೆನೋವು ಮುಂದಿನದು. "ಯಾವುದರ ಪ್ರಕಾರ ಜೋಡಿಸಲಿ?" ಅಂತ ಕೇಳುತ್ತೇನೆ, ಬಳಕೆದಾರರು "ವರ್ಷ" ಅಂತ ಟೈಪ್ ಮಾಡುತ್ತಾರೆ. ಅದನ್ನೂ ಆರ್ಡರ್ ಬೈ (ಸಾಲುಗಳನ್ನು ಜೋಡಿಸುವ ಭಾಗ) ಆದಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಕಳಿಸಿದೆ. ಎರರ್ ಏನೂ ಬರುವುದಿಲ್ಲ, ಆದರೆ ಸಾಲುಗಳು ಇದ್ದ ಹಾಗೇ ಇರುತ್ತವೆ! 1998, 1974, 2011 ಹೀಗೆ. ಎರರ್ ಬಂದಿದ್ದರೆ ಎಷ್ಟೋ ವಾಸಿ ಇತ್ತು. ಕಾಲಂ ಹೆಸರಿಗೆ ಡಬಲ್ ಕೋಟ್ ಸೇರಿಸಿ ಕಳಿಸಿದರೂ ಅಷ್ಟೇ. ಎಫ್-ಸ್ಟ್ರಿಂಗ್‌ನಲ್ಲಿ (ಪಠ್ಯದೊಳಗೆ ನೇರವಾಗಿ ಮೌಲ್ಯ ತುಂಬುವ ಪೈಥಾನ್ ವಿಧಾನ) ಸೇರಿಸಿದರೆ ಸಾರ್ಟ್ ಆಗುತ್ತದೆ, ಆದರೆ ಯಾರು ಏನು ಟೈಪ್ ಮಾಡಿದರೂ ಕ್ವೆರಿಯೊಳಗೆ ಹೋಗುತ್ತದೆ ಅಲ್ವಾ? ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಇನ್‌ಪುಟ್‌ನಲ್ಲಿ ಕಿಡಿಗೇಡಿ ಆದೇಶ ತೂರಿಸುವುದಕ್ಕೆ) ಬಾಗಿಲು ತೆರೆದಿಡುವುದು ಬೇಡ.

ಪ್ರಶ್ನಾರ್ಥಕ ಚಿಹ್ನೆಗೆ ಕೊಟ್ಟಿದ್ದು ಬರೀ ಮೌಲ್ಯ ಆಗುತ್ತದೆ, ಕಾಲಂ ಹೆಸರಾಗುವುದಿಲ್ಲ ಅನ್ನುವುದೇ ಕಾರಣವಾ? ಹಾಗಿದ್ದರೆ, ಒಪ್ಪಿದ ಕಾಲಂ ಹೆಸರುಗಳನ್ನು ಡಿಕ್ಷನರಿಯಲ್ಲಿಟ್ಟು, ಅದರಲ್ಲಿ ಇದ್ದರೆ ಮಾತ್ರ ಎಫ್-ಸ್ಟ್ರಿಂಗ್‌ಗೆ ಸೇರಿಸುವುದು ಸುರಕ್ಷಿತವಾ, ಇಲ್ಲ ಬೇರೆ ದಾರಿ ಇದೆಯಾ?