‘ದಿ ಟರ್ನ್ ಆಫ್ ದಿ ಸ್ಕ್ರೂ’ ಓದಿದವರು ಯಾವ ಸಿನಿಮಾ ನೋಡಬೇಕು?

ಪುಸ್ತಕಹುಳ:
ಹೆನ್ರಿ ಜೇಮ್ಸ್ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಈಗ ತಾನೆ ಮುಗಿಸಿದೆ. 1898ರ ಕಥೆ. ವಾಕ್ಯಗಳು ಉದ್ದುದ್ದ, ಆದರೂ ಬಿಟ್ಟೇಳಲು ಆಗಲಿಲ್ಲ. ಊರಾಚೆಯ ದೊಡ್ಡ ಬಂಗಲೆ, ಅಪ್ಪ ಅಮ್ಮ ಇಲ್ಲದ ಇಬ್ಬರು ಮಕ್ಕಳು, ಅವರನ್ನು ನೋಡಿಕೊಳ್ಳಲು ಬಂದ ಗವರ್ನೆಸ್. ಸತ್ತುಹೋದ ಆಳು ಕ್ವಿಂಟ್ ಮತ್ತು ಹಿಂದಿನ ಗವರ್ನೆಸ್ ಜೆಸೆಲ್ ಇವಳ ಕಣ್ಣಿಗೆ ಬೀಳಲು ಶುರುವಾಗುತ್ತಾರೆ. ದೆವ್ವ ನಿಜವಾಗಿಯೂ ಇದೆಯಾ, ಇಲ್ಲ ಇವಳ ತಲೆಯೇ ಕೆಟ್ಟಿದೆಯಾ, ಕೊನೆವರೆಗೂ ಹೇಳುವುದೇ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಇದನ್ನು ಸಿನಿಮಾ ಮಾಡೋದು ಹೇಗೆ? ತೆರೆ ಮೇಲೆ ದೆವ್ವ ಬಂತು ಅಂದರೆ ಬಂತು, ಅಲ್ವಾ? ಯಾವುದು ನೋಡಲಿ? ಕೊನೆ ಗೊತ್ತಿರುವುದರಿಂದ ಧಾರಾಳವಾಗಿ ಬರೆಯಿರಿ.

ಕಪ್ಪುಬಿಳುಪು:
ಯೋಚನೆಯೇ ಬೇಡ, 1961ರ ‘ದಿ ಇನ್ನೊಸೆಂಟ್ಸ್’ ನೋಡಿ. ಜ್ಯಾಕ್ ಕ್ಲೇಟನ್ ನಿರ್ದೇಶನ, ಗವರ್ನೆಸ್ ಆಗಿ ಡೆಬೊರಾ ಕೆರ್. ನೀವು ಕೇಳಿದ ತೊಂದರೆಗೆ ಅವರು ಕಂಡುಕೊಂಡ ದಾರಿ ತುಂಬಾ ಸರಳ. ಬಹಳಷ್ಟು ಕಡೆ ಮೊದಲು ಅವಳ ಮುಖ ತೋರಿಸುತ್ತಾರೆ, ಅವಳು ಬೆಚ್ಚಿಬೀಳುತ್ತಾಳೆ, ಆಮೇಲೆ ಅವಳು ಏನು ನೋಡಿದಳು ಅನ್ನೋದು. ಹಾಗಾಗಿ ದೆವ್ವ ನಮಗೆ ಕಂಡರೂ ಅದು ಅವಳ ಕಣ್ಣಿನಿಂದ ಕಂಡದ್ದು ಅನ್ನೋ ಅನುಮಾನ ಉಳಿದೇ ಇರುತ್ತದೆ.

ಕೆರೆಯ ದೃಶ್ಯ ಒಂದೇ ಸಾಕು. ಹಾಡುಹಗಲು, ಆಚೆ ದಡದ ಜೊಂಡಿನ ನಡುವೆ ಕಪ್ಪು ಬಟ್ಟೆಯ ಹೆಂಗಸು ಸುಮ್ನೆ ನಿಂತಿರುತ್ತಾಳೆ. ಹತ್ತಿರ ಬರಲ್ಲ, ಕಿರುಚಲ್ಲ, ಮುಖವೂ ಸರಿಯಾಗಿ ಕಾಣಲ್ಲ. ಇವತ್ತಿನ ಸಿನಿಮಾದವರು ಅಲ್ಲಿ ಢಂ ಅಂತ ಸದ್ದು ಹಾಕದೆ ಇರುತ್ತಿದ್ದರಾ ಹೇಳಿ! ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರ್‌ಗಳ ಅಂಚಿಗೆ ಬಣ್ಣ ಬಳಿದು, ಅಗಲವಾದ ಸಿನಿಮಾಸ್ಕೋಪ್ ಚೌಕಟ್ಟಿನ ಎರಡೂ ಬದಿಯನ್ನು ಕತ್ತಲು ಮಾಡಿದ್ದಾರೆ. ಆ ಕತ್ತಲಲ್ಲಿ ಯಾರಾದರೂ ಇದ್ದಾರಾ ಅಂತ ನಾವೇ ಹುಡುಕುತ್ತಾ ಕೂರುತ್ತೇವೆ.

ಕೊನೆಬೆಂಚು:
ಸಿನಿಮಾ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಯಾವ ಪಕ್ಷವನ್ನೂ ವಹಿಸಲ್ಲ ಅನ್ನೋ ಮಾತು ಮಾತ್ರ ಒಪ್ಪಲ್ಲ. ಪುಸ್ತಕದಲ್ಲಿ ಗವರ್ನೆಸ್ ಕ್ವಿಂಟ್‌ನನ್ನು ಮೊದಲು ನೋಡೇ ಇರಲ್ಲ. ಆದರೂ ಕೆಂಪು ಕೂದಲು, ಉದ್ದ ಮುಖ, ತಲೆಗೆ ಟೋಪಿ ಇಲ್ಲ ಅಂತೆಲ್ಲ ವರ್ಣಿಸುತ್ತಾಳೆ, ಅದನ್ನು ಕೇಳಿ ಮನೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್ ಬೆಚ್ಚಿ ‘ಕ್ವಿಂಟ್!’ ಅನ್ನುತ್ತಾಳೆ. ದೆವ್ವ ನಿಜ ಅನ್ನುವವರಿಗೆ ಇರುವ ದೊಡ್ಡ ಸಾಕ್ಷಿಯೇ ಇದು. ಸಿನಿಮಾದಲ್ಲಿ ಏನಾಗುತ್ತೆ? ಕಣ್ಣಾಮುಚ್ಚಾಲೆ ಆಡುವಾಗ ಅಟ್ಟದಲ್ಲಿ ಅವಳಿಗೆ ಕ್ವಿಂಟ್‌ನ ಫೋಟೋ ಸಿಗುತ್ತದೆ, ಅದಾದ ಮೇಲೆ ಕಿಟಕಿಯಲ್ಲಿ ಅದೇ ಮುಖ! ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು. ಇನ್ನು ಪುಸ್ತಕದ ಗವರ್ನೆಸ್‌ಗೆ 20 ವರ್ಷ, ಕೆರ್‌ಗೆ ಆಗ ಹೆಚ್ಚುಕಡಿಮೆ 40. ಏನೂ ಅರಿಯದ ಹುಡುಗಿ ಹೆದರೋದು ಬೇರೆ, ಎಷ್ಟೋ ವರ್ಷದಿಂದ ಮನಸ್ಸು ಬಿಗಿಹಿಡಿದುಕೊಂಡು ಬಂದ ಹೆಂಗಸು ಹೆದರೋದು ಬೇರೆ. ನೋಡುವವರು ಅವಳನ್ನೇ ಅನುಮಾನಿಸುತ್ತಾರೆ.

ಕಪ್ಪುಬಿಳುಪು:
ಫೋಟೋ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಕಣ್ಣೀರು? ಪಾಠದ ಕೋಣೆಯಲ್ಲಿ ಜೆಸೆಲ್ ಕೂತು ಅಳುತ್ತಿರುತ್ತಾಳೆ, ಇವಳು ಹತ್ತಿರ ಹೋಗುವಷ್ಟರಲ್ಲಿ ಮಾಯ. ಮುಟ್ಟಿ ನೋಡಿದರೆ ಹನಿ ಅಲ್ಲೇ ಇದೆ, ಒದ್ದೆ! ಒಂದು ಕಡೆ ಕಿತ್ತುಕೊಂಡ ಸಾಕ್ಷಿಯನ್ನು ಇನ್ನೊಂದು ಕಡೆ ವಾಪಸ್ ಕೊಟ್ಟಿದ್ದಾರೆ.

ಕೊನೆಬೆಂಚು:
ಹನಿ ಮುಟ್ಟಿದ್ದೂ ಅವಳೇ ತಾನೆ? ಬೇರೆ ಯಾರೂ ನೋಡಲಿಲ್ಲ.

ರಾತ್ರಿಪಾಳಿ:
ನೀವಿಬ್ಬರೂ ಜಗಳ ಆಡ್ತಾ ಇರಿ, ನಾನು ಉಳಿದವನ್ನು ಹೇಳಿಬಿಡ್ತೀನಿ. 1971ರ ‘ದಿ ನೈಟ್‌ಕಮರ್ಸ್’ನಲ್ಲಿ ಮಾರ್ಲನ್ ಬ್ರ್ಯಾಂಡೊ ಕ್ವಿಂಟ್, ಅದೂ ಕಥೆಗಿಂತ ಮುಂಚೆ ನಡೆದದ್ದು. ಜೇಮ್ಸ್ ಬೇಕಂತಲೇ ಹೇಳದೆ ಬಿಟ್ಟದ್ದನ್ನೆಲ್ಲ ಬಿಡಿಸಿ ಹೇಳಿದ್ದಾರೆ, ಬ್ರ್ಯಾಂಡೊ ಅಭಿಮಾನಿ ಆಗಿದ್ದರೆ ಮಾತ್ರ ನೋಡಿ. 2020ರ ‘ದಿ ಟರ್ನಿಂಗ್’ ಕಥೆಯನ್ನು 1994ಕ್ಕೆ ತಂದಿದೆ. ಎರಡೂ ಕಡೆ ಕಾಲಿಟ್ಟು, ಕೊನೆಯಲ್ಲಿ ಏನೂ ಹೇಳದೆ ಪಟ್ ಅಂತ ನಿಂತುಬಿಡುತ್ತದೆ. ಅನುಮಾನ ಉಳಿಸೋದು ಬೇರೆ, ಕೈ ಎತ್ತಿಬಿಡೋದು ಬೇರೆ. ಅದೇ ವರ್ಷದ ‘ದಿ ಹಾಂಟಿಂಗ್ ಆಫ್ ಬ್ಲೈ ಮ್ಯಾನರ್’ ಸಿನಿಮಾ ಅಲ್ಲ, 9 ಕಂತಿನ ಸರಣಿ. ಅಲ್ಲಿ ದೆವ್ವ ಇದೆ, ಚರ್ಚೆಯೇ ಇಲ್ಲ. ಆದರೆ ಅದನ್ನು ಪ್ರೀತಿಯ ಕಥೆ ಮಾಡಿದ್ದಾರೆ, ಕಾಲ ಕಳೆದಂತೆ ದೆವ್ವಗಳ ಮುಖವೇ ಅಳಿಸಿಹೋಗುವುದು ನನಗೆ ತುಂಬಾ ಹಿಡಿಸಿತು. ಪುಸ್ತಕ ಮರೆತು ನೋಡಿದರೆ ಬ್ಲೈ ಮ್ಯಾನರ್ ಒಳ್ಳೇದು.

ಪುಸ್ತಕಹುಳ:
ಹಾಗಾದರೆ ಈ ವಾರ ‘ಇನ್ನೊಸೆಂಟ್ಸ್’. ಫೋಟೋ ದೃಶ್ಯ ಬಂದಾಗ ಕೊನೆಬೆಂಚು ಅವರು ನೆನಪಾಗ್ತಾರೆ.

ಕಪ್ಪುಬಿಳುಪು:
ಶುರುವಿನಲ್ಲಿ ತೆರೆ ಪೂರ್ತಿ ಕಪ್ಪು, ಮಗುವಿನ ದನಿಯಲ್ಲಿ ಹಾಡು ಮಾತ್ರ ಕೇಳಿಸುತ್ತದೆ. ಫೈಲ್ ಕೆಟ್ಟಿದೆ ಅಂದುಕೊಂಡು ಮುಂದಕ್ಕೆ ಓಡಿಸಬೇಡಿ.