ಗೋಡೆಯಲ್ಲಿ ನೀರು ಜಿನುಗುತ್ತಿದ್ದರೆ ಅಣೆಕಟ್ಟು ಅಪಾಯದಲ್ಲಿದೆಯೇ?

ಪ್ರಶ್ನೆ: ನಮಸ್ಕಾರ ಸರ್. ಕಳೆದ ತಿಂಗಳು ಅನುಮತಿ ಪಡೆದು ಒಂದು ಜಲವಿದ್ಯುತ್ ಅಣೆಕಟ್ಟಿನ ಒಳಗಿರುವ, ಸುರಂಗದಂಥ ಓಡಾಟದ ದಾರಿಯಾದ ಗ್ಯಾಲರಿಯನ್ನು ನೋಡಿ ಬಂದೆ. ಕಾಂಕ್ರೀಟಿನ ಆ ಕಟ್ಟೆಗೆ 60 ವರ್ಷ ದಾಟಿದೆಯಂತೆ. ಒಳಗೆ ಕಾಲಿಟ್ಟೊಡನೆ ಕಂಡದ್ದು ಗೋಡೆಯಿಂದ ಜಿನುಗುವ ನೀರು, ಸುಣ್ಣ ಸುರಿದಂತೆ ಇಳಿದಿರುವ ಬಿಳಿಯ ಪದರ, ಕಾಲ ಬಳಿಯ ಚರಂಡಿಯಲ್ಲಿ ಎಡೆಬಿಡದೆ ಹರಿಯುವ ನೀರು. ಜೊತೆಗಿದ್ದ ಸಿಬ್ಬಂದಿ ‘ಇದೆಲ್ಲ ಮಾಮೂಲು’ ಎಂದರು. ನನಗೆ ಸಮಾಧಾನವಾಗಲಿಲ್ಲ. ಕಟ್ಟೆ ಗಟ್ಟಿಯಾಗಿದೆಯೋ ಇಲ್ಲವೋ ಎಂಬುದನ್ನು ತಮ್ಮಂಥ ಎಂಜಿನಿಯರುಗಳು ಏನನ್ನು ನೋಡಿ ತೀರ್ಮಾನಿಸುತ್ತೀರಿ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ತಾವು ಕಂಡ ನೀರಿನಲ್ಲಿ ಹೆಚ್ಚಿನ ಪಾಲು ಕಟ್ಟಿದವರೇ ಬೇಕೆಂದು ಹೊರಬಿಟ್ಟಿರುವ ನೀರು. ಜಲಾಶಯದಲ್ಲಿ 100 ಮೀಟರ್ ಆಳಕ್ಕೆ ನೀರು ನಿಂತಿದ್ದರೆ ಕಟ್ಟೆಯ ಒಂದೊಂದು ಮೀಟರ್ ಉದ್ದದ ಮೇಲೂ ಸುಮಾರು 5,000 ಟನ್ ಭಾರದಷ್ಟು ಒತ್ತಡ ಬೀಳುತ್ತದೆ. ಈ ಅಡ್ಡ ಒತ್ತಡವನ್ನು ಗುರುತ್ವ ಅಣೆಕಟ್ಟು ತನ್ನ ಸ್ವಂತ ತೂಕದಿಂದಲೇ ತಡೆದು ನಿಲ್ಲುತ್ತದೆ. ಆದರೆ ಅದೇ ನೀರು ಅಡಿಪಾಯದ ಬಂಡೆಯ ಸೀಳುಗಳಲ್ಲಿ ನುಸುಳಿ, ಕಟ್ಟೆಯನ್ನು ಬುಡದಿಂದ ಮೇಲಕ್ಕೆತ್ತಲು ನೋಡುತ್ತದೆ. ಅಂದರೆ ಕಟ್ಟೆ ನೆಚ್ಚಿಕೊಂಡಿರುವ ತೂಕದಲ್ಲೇ ಒಂದು ಪಾಲನ್ನು ಅದು ಕಸಿದುಕೊಳ್ಳುತ್ತದೆ. ಫ್ರಾನ್ಸಿನ ಮಾಲ್ಪಾಸೆ ಎಂಬ ತೆಳುವಾದ ಕಮಾನು ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು 400ಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಎಡದಂಡೆಯ ಬಂಡೆಯೊಳಗೆ ಸೇರಿಕೊಂಡ ಇಂಥ ಒತ್ತಡವೇ ಮುಖ್ಯ ಕಾರಣ, ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ. ಈ ಒತ್ತಡ ಇಳಿಯಲೆಂದೇ ಗ್ಯಾಲರಿಯಿಂದ ಬಂಡೆಯೊಳಕ್ಕೆ ಸಾಲಾಗಿ ರಂಧ್ರಗಳನ್ನು ಕೊರೆದಿರುತ್ತಾರೆ. ಚರಂಡಿಯ ನೀರಿನಲ್ಲಿ ಬಹುಪಾಲು ಅಲ್ಲಿಂದ ಬರುವುದು.

ಹೀಗಾಗಿ ನೀರು ಬರುತ್ತಿದೆ ಎಂಬುದಕ್ಕಿಂತ ಎಷ್ಟು ಬರುತ್ತಿದೆ, ಎಲ್ಲಿಂದ ಬರುತ್ತಿದೆ, ಹೋದ ವರ್ಷ ಜಲಾಶಯ ಇದೇ ಮಟ್ಟದಲ್ಲಿದ್ದಾಗ ಎಷ್ಟಿತ್ತು ಎಂಬುದು ಮುಖ್ಯ. ಚರಂಡಿಯ ಕೊನೆಯಲ್ಲಿ ‘ವಿ’ ಆಕಾರಕ್ಕೆ ಕತ್ತರಿಸಿದ ಒಂದು ಲೋಹದ ತಗಡನ್ನು ತಾವು ಗಮನಿಸಿರಬಹುದು. ಅದರ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬುದನ್ನು ಅಳೆದು, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಾರೆ.

ಈ ಪುಸ್ತಕದ ವಿಚಾರದಲ್ಲಿ ನಾನೇ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಟ್ಟೆಯ ಗ್ಯಾಲರಿಯಲ್ಲಿ ಹತ್ತಾರು ರಂಧ್ರಗಳ ಪೈಕಿ ಒಂದು ಮೂರು ತಿಂಗಳಲ್ಲಿ ಕ್ರಮೇಣ ಒಣಗಿತು. ಸೋರಿಕೆ ನಿಂತಿತೆಂದು ನಾವೆಲ್ಲ ಸಂತೋಷದಿಂದಲೇ ಸೊನ್ನೆ ಬರೆದುಕೊಂಡೆವು. ಹಿರಿಯರೊಬ್ಬರು ಪುಸ್ತಕ ತಿರುವಿ ಹಾಕಿ, ಪಕ್ಕದ ಪೈಜೋಮೀಟರಿನ ಅಂಕಿಯನ್ನು ಯಾರಾದರೂ ನೋಡಿದಿರಾ ಎಂದು ಕೇಳಿದರು. ಬಂಡೆಯೊಳಗಿನ ನೀರಿನ ಒತ್ತಡವನ್ನು ತೋರಿಸುವ ಆ ಮಾಪಕದ ಅಂಕಿ ಅದೇ ಮೂರು ತಿಂಗಳಲ್ಲಿ ಏರುತ್ತಲೇ ಹೋಗಿತ್ತು. ಸರಳನ್ನು ಇಳಿಸಿ ನೋಡಿದಾಗ ರಂಧ್ರದ ಬಾಯಿಯಿಂದ ಎರಡಡಿ ಕೆಳಗೆ ಸುಣ್ಣ ಕಲ್ಲಿನಂತೆ ಕಟ್ಟಿಕೊಂಡಿತ್ತು. ಮತ್ತೆ ಕೊರೆದ ಮೇಲೆ ಮೊದಲು ಹಾಲಿನಂಥ ನೀರು ಚಿಮ್ಮಿತು, ಆಮೇಲೆ ತಿಳಿನೀರು ಬಂತು, ಪಕ್ಕದ ಮಾಪಕ ನಿಧಾನವಾಗಿ ಹಳೆಯ ಮಟ್ಟಕ್ಕೆ ಇಳಿಯಿತು. ಆ ದಿನದಿಂದ, ಸೋರಿಕೆ ಕಾರಣವಿಲ್ಲದೆ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಹೆಚ್ಚಾಯಿತು ಎಂದಾಗ ಆಗುವಷ್ಟೇ ಕಳವಳ ನನಗಾಗುತ್ತದೆ.

ತಾವು ಕಂಡ ಬಿಳಿಯ ಪದರವೂ ಇದೇ ಸುಣ್ಣ. ಕಾಂಕ್ರೀಟಿನ ಮೂಲಕ ಹಾಯುವ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿ ತಂದು ಗಾಳಿ ತಗಲುವಲ್ಲಿ ಬಿಟ್ಟುಹೋಗುತ್ತದೆ. ಅಲ್ಲಲ್ಲಿ ತೆಳುವಾಗಿದ್ದರೆ ಗುರುತು ಹಾಕಿಕೊಂಡರೆ ಸಾಕು. ಕಾಂಕ್ರೀಟಿನ ಎರಡು ಭಾಗಗಳು ಸೇರುವ ಒಂದೇ ಜೋಡಿನ ಗುಂಟ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರೆ ಅಲ್ಲಿ ಗ್ರೌಟ್ (ಸೀಳು ಮುಚ್ಚುವ ತೆಳು ಗಾರೆ) ತುಂಬಬೇಕೋ ಎಂದು ಪರಿಶೀಲಿಸಬೇಕಾಗುತ್ತದೆ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರಿಂದ): ಸರ್, ಮಣ್ಣಿನ ಏರಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ಅಳೆಯಬೇಕು ಎಂಬುದಷ್ಟೇ ಅನ್ವಯಿಸುತ್ತದೆ, ನಿರಾಳತೆ ಅನ್ವಯಿಸುವುದಿಲ್ಲ. ಮಣ್ಣಿನ ಏರಿಯ ಬುಡದಲ್ಲಿ ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಬೇಕು. ತಳದಲ್ಲಿ ಕೆಸರು ನಿಂತರೆ ನೀರು ಏರಿಯ ಒಳಗಿನ ಮಣ್ಣನ್ನೇ ಹೊತ್ತು ತರುತ್ತಿದೆ ಎಂದರ್ಥ, ಆಗ ಕಾಯುವಂತಿಲ್ಲ. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಿಗ್ಗೆ ಕಂಡ ಕೆಸರು ನೀರಿನ ಸೋರಿಕೆ ಕೆಲವೇ ಗಂಟೆಗಳಲ್ಲಿ ಇಡೀ ಕಟ್ಟೆಯನ್ನು ಒಡೆಯಿತು. ಅದು ಹಳೆಯ ಕಟ್ಟೆಯಲ್ಲ. ಮೊದಲ ಬಾರಿಗೆ ನೀರು ತುಂಬಿಸುತ್ತಿದ್ದ ಹೊಸ ಕಟ್ಟೆ.

ಮರುಪ್ರಶ್ನೆ (ಮೂರನೆಯ ಸದಸ್ಯರಿಂದ): ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತಲ್ಲ, ಅಲ್ಲಿ ಯಾವ ಅಳತೆ ಮುನ್ಸೂಚನೆ ಕೊಡಬಹುದಿತ್ತು? ನದಿಯ ಕೆಳಭಾಗದಲ್ಲಿ ವಾಸಿಸುವ ನಮಗೆ ಇದೇ ಹೆಚ್ಚಿನ ಚಿಂತೆ.

ಉತ್ತರ: ಈ ಚಿಂತೆಗೆ ಆಧಾರವಿದೆ. ಅಲ್ಲಿ ಕಟ್ಟೆ ಬಿರಿಯಲಿಲ್ಲ. ತುಂಡಾದದ್ದು ಗೇಟನ್ನು ಎತ್ತಿ ಇಳಿಸುವ ಸರಪಳಿ. ಉಳಿದ ಗೇಟುಗಳನ್ನೂ ತೆರೆದು ಒತ್ತಡ ತಗ್ಗಿಸಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ, ನೀರನ್ನು ತಾತ್ಕಾಲಿಕವಾಗಿ ತಡೆಯುವ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಕಾಂಕ್ರೀಟು ಮತ್ತು ಕಲ್ಲುಕಟ್ಟಡ ನಿಧಾನವಾಗಿ, ಸೂಚನೆ ಕೊಡುತ್ತ ಹಳೆಯದಾಗುತ್ತವೆ. ಚಲಿಸುವ ಉಕ್ಕಿನ ಭಾಗಗಳು ಹಾಗಲ್ಲ; ತುಕ್ಕು ಮತ್ತು ಲೋಹದ ದಣಿವು (ಮತ್ತೆ ಮತ್ತೆ ಭಾರ ಬಿದ್ದು ಲೋಹ ಬಿರುಕು ಬಿಡುವುದು) ಬಣ್ಣದ ಕೆಳಗೆ ಅಡಗಿರುತ್ತವೆ. ಆದ್ದರಿಂದ ಸರಪಳಿಯ ಕೊಂಡಿಗಳು, ಪಿನ್ನುಗಳು, ಬೆಸುಗೆಗಳನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಬೇಕು, ಮಳೆಗಾಲಕ್ಕೆ ಮೊದಲು ಒಂದೊಂದು ಗೇಟನ್ನೂ ನಿಜವಾಗಿಯೇ ಎತ್ತಿ ಇಳಿಸಿ ನೋಡಬೇಕು. ಎಣ್ಣೆ ಹಚ್ಚಿ, ಬಣ್ಣ ಬಳಿದು ‘ಸುಸ್ಥಿತಿಯಲ್ಲಿದೆ’ ಎಂದು ಷರಾ ಬರೆದರೆ ತಪಾಸಣೆ ಆದಂತಲ್ಲ.

ವಿದ್ಯುದಾಗಾರಕ್ಕೂ ಇದೇ ಮಾತು. ರಷ್ಯಾದ ಸಯಾನೊ-ಶುಶೆನ್‌ಸ್ಕಾಯಾದಲ್ಲಿ 2009ರ ಆಗಸ್ಟ್ 17ರಂದು 2ನೆಯ ಟರ್ಬೈನಿನ ಮುಚ್ಚಳವನ್ನು ಹಿಡಿದಿದ್ದ ಬೋಲ್ಟುಗಳು ಕಿತ್ತುಬಂದು, ನೀರು ಯಂತ್ರಗಳ ಕೋಣೆಗೆ ನುಗ್ಗಿ 75 ಜನ ಸತ್ತರು. ಬೋಲ್ಟುಗಳಲ್ಲಿ ದಣಿವಿನ ಬಿರುಕುಗಳು ಮೊದಲೇ ಇದ್ದವು. ಸ್ಥಾವರದ ವಿದ್ಯುತ್ತೇ ಹೋದದ್ದರಿಂದ ನೀರಿನ ಪ್ರವೇಶದ ಗೇಟುಗಳನ್ನು ಸಿಬ್ಬಂದಿ ಕೈಯಿಂದಲೇ ಮುಚ್ಚಬೇಕಾಯಿತು. ಅಣೆಕಟ್ಟು ಮಾತ್ರ ಹಾಗೇ ನಿಂತಿತ್ತು. ಇದನ್ನು ಓದಿದಂದಿನಿಂದ, ಯಾವ ಕಟ್ಟೆಗೆ ಹೋದರೂ ಗೇಟಿನ ಬಳಿಯ ಡೀಸೆಲ್ ಜನರೇಟರನ್ನು ನನ್ನ ಕಣ್ಣೆದುರಿಗೇ ಚಾಲೂ ಮಾಡಿಸಿ ನೋಡುವುದು ನನಗೆ ರೂಢಿಯಾಯಿತು. ಎರಡು ಕಡೆ ಅದರ ಬ್ಯಾಟರಿ ಸತ್ತಿತ್ತು.

ಕೆಳಭಾಗದಲ್ಲಿರುವ ತಮಗೆ ಇನ್ನೊಂದು ಮಾತು. ಪೂರ್ತಿ ಸುಸ್ಥಿತಿಯಲ್ಲಿರುವ ಜಲವಿದ್ಯುತ್ ಅಣೆಕಟ್ಟಿನ ಕೆಳಗೂ ನದಿಯ ಪಾತ್ರ ನಿಮಿಷಗಳಲ್ಲಿ ತುಂಬಬಹುದು. ಹಿಮಾಚಲ ಪ್ರದೇಶದ ಲಾರ್ಜಿ ಯೋಜನೆಯಿಂದ 2014ರ ಜೂನ್ 8ರಂದು ಬಿಟ್ಟ ನೀರಿಗೆ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಸೈರನ್ ಎಲ್ಲಿಯವರೆಗೆ ಕೇಳಿಸುತ್ತದೆ, ರಾತ್ರಿ ಅದನ್ನು ಊದುವವರು ಯಾರು, ಊದಿದ ಮೇಲೆ ನೀರು ತಲುಪಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬ ಮೂರನ್ನೂ ಕಟ್ಟೆಯವರಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಮೊದಲು ಪ್ರಶ್ನೆ ಕೇಳಿದವರಿಂದ: ಧನ್ಯವಾದಗಳು ಸರ್. ಚಳಿಗಾಲದಲ್ಲಿ ಮತ್ತೊಮ್ಮೆ ಹೋಗುವ ಅವಕಾಶವಿದೆ. ಆಗ ಏನನ್ನು ಗಮನಿಸಲಿ?

ಉತ್ತರ: ಆಗ ನೀರು ಈಗಿನದಕ್ಕಿಂತ ಹೆಚ್ಚು ಕಂಡರೆ ಗಾಬರಿಯಾಗಬೇಡಿ. ಚಳಿಗೆ ಕಾಂಕ್ರೀಟು ಕುಗ್ಗುತ್ತದೆ, ಜೋಡುಗಳು ಕೂದಲೆಳೆಯಷ್ಟು ಅಗಲವಾಗುತ್ತವೆ, ಕಟ್ಟೆಯ ತಲೆಯೂ ಕೆಲವು ಮಿಲಿಮೀಟರ್ ಕೆಳಹರಿವಿನ ಕಡೆಗೆ ಬಾಗುತ್ತದೆ. ಈ ಬಾಗುವಿಕೆಯನ್ನು ಅಳೆಯಲು ಗ್ಯಾಲರಿಯಲ್ಲಿ ತೂಗುಬಿಟ್ಟಿರುವ ಉದ್ದನೆಯ ಲೋಲಕದ ತಂತಿ ಇದ್ದರೆ, ಅದರ ಅಳತೆಪಟ್ಟಿಯ ಅಂಕಿಯನ್ನು ಬರೆದುಕೊಂಡು ಹಿಂದಿನ ಚಳಿಗಾಲದ ಪುಟವನ್ನು ತೋರಿಸಿ ಎಂದು ಕೇಳಿ. ಪುಟ ತಕ್ಷಣ ಸಿಕ್ಕಿದರೆ ಎರಡೂ ಅಂಕಿಗಳನ್ನು ಅಂದಿನ ಜಲಾಶಯದ ಮಟ್ಟದ ಸಮೇತ ಇಲ್ಲಿ ಹಾಕಿ, ನೋಡೋಣ.