ಓದುಗರ ಸ್ಪಂದನ: ಪಟ್ಟಿಯಲ್ಲಿ ಯಾರ ಹೆಸರು ಉಳಿಯಬೇಕು?

ಕಳೆದ ಸಂಚಿಕೆಯಲ್ಲಿ ಪೊನ್ನಂಪೇಟೆ ಮೂಲದ ಓದುಗರೊಬ್ಬರು ತಮ್ಮ ಇಕ್ಕಟ್ಟನ್ನು ತೋಡಿಕೊಂಡಿದ್ದರು. ಅವರು ಬೆಂಗಳೂರಿನ ಸಂಸ್ಥೆಯೊಂದರ ವೃತ್ತಿಪರ ಹಾಕಿ ತಂಡದ ತರಬೇತುದಾರರು. ವರ್ಷಗಳಿಂದ ತಂಡದ ಭಾರ ಹೊತ್ತವರು ಮೂವತ್ತು ದಾಟಿದ್ದಾರೆ, ಕ್ರೀಡಾ ವಸತಿ ನಿಲಯಗಳಿಂದ ಬಂದ ಹುಡುಗರು ಬೆಂಚಿನಲ್ಲಿ ಕಾಯುತ್ತಿದ್ದಾರೆ. ಹಿರಿಯರಲ್ಲಿ ಇಬ್ಬರು ಅವರ ಜೊತೆಯಲ್ಲೇ ಆಡಿದವರು. ಆ ಹಿರಿಯರ ಮನಸ್ಸು ನೋಯಿಸದೆ ತಂಡವನ್ನು ಹೊಸದಾಗಿ ಕಟ್ಟುವುದು ಹೇಗೆ ಎಂಬುದು ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಡ ಇರುವುದು ಪಂದ್ಯ ಗೆಲ್ಲುವುದಕ್ಕೆ. ಕೊನೆಯ ಕ್ವಾರ್ಟರಿನಲ್ಲಿಯೂ ಹಿಂದಕ್ಕೆ ಓಡಿ ಬಂದು ಟ್ಯಾಕಲ್ ಮಾಡಬಲ್ಲವನು ಆಡಲಿ. ಗೆಳೆತನವನ್ನು ಮೈದಾನದ ಹೊರಗಿಡಲಾಗದವರು ಆಯ್ಕೆಯ ಹೊಣೆ ಹೊರಬಾರದು.
– ಓದುಗರು, ನಾಪೋಕ್ಲು

ನೇರವಾದ ಮಾತು. ಹೊರಗೆ ಹೋದವರು ಹೇಗೆ ಹೋದರೆಂಬುದನ್ನೂ ಕೇಳಬೇಕಾಗುತ್ತದೆ. ಮುಂದಿನ ಪತ್ರವನ್ನು ಮೊಟಕುಗೊಳಿಸದೆ ಪ್ರಕಟಿಸಿದ್ದೇವೆ.

ಪೊನ್ನಂಪೇಟೆಯವರ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಇಂಥದೇ ಒಂದು ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದವನು. ಎದುರಾಳಿಗೆ ಪೆನಾಲ್ಟಿ ಕಾರ್ನರ್ (ನಮ್ಮ ತಪ್ಪಿಗೆ ಗೋಲಿನ ಹತ್ತಿರದಿಂದ ಹೊಡೆಯಲು ಸಿಗುವ ಅವಕಾಶ) ಸಿಕ್ಕಾಗ ಗೋಲ್ ಗೆರೆಯಿಂದ ಮೊದಲು ನುಗ್ಗುವ ಕೆಲಸ ನನ್ನದಾಗಿತ್ತು. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು, ಡ್ರ್ಯಾಗ್‌ಫ್ಲಿಕ್ ಮಾಡುವವನ, ಅಂದರೆ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವವನ, ಒಂದು ಮಗ್ಗುಲನ್ನು ತಾನು ಮುಚ್ಚಿ ಇನ್ನೊಂದನ್ನು ಗೋಲ್‌ಕೀಪರ್‌ಗೆ ಬಿಟ್ಟುಕೊಡುವಂತೆ ಓಡಬೇಕು. ಒಂದು ಹೆಜ್ಜೆ ತಪ್ಪಿದರೂ ಗೋಲ್‌ಕೀಪರ್‌ಗೆ ಚೆಂಡೇ ಕಾಣುವುದಿಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಸಂಜೆ ಅಭ್ಯಾಸ ಮುಗಿದ ಮೇಲೆ ಈ ಓಟವನ್ನು ನಾನೇ ಕಲಿಸಿದೆ. ಪಂದ್ಯಾವಳಿಗೆ ಹೊರಡುವ ದಿನ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ನನ್ನ ಮುಖ ನೋಡಲಾರದೆ ಆ ಹುಡುಗ ಶೂ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಅವನ ಆಯ್ಕೆ ಸರಿಯಾಗಿಯೇ ಇತ್ತು, ಅವನು ನನಗಿಂತ ಚುರುಕಾಗಿದ್ದ. ನನಗೆ ನೋವಾದದ್ದು, ತರಬೇತುದಾರರು ಒಂದು ಮಾತನ್ನೂ ಹೇಳದೆ, ಗೇಟಿನ ಬಳಿ ಎದುರಾದಾಗಲೂ ಫೋನ್ ನೋಡುತ್ತ ಹೋಗಿಬಿಟ್ಟರಲ್ಲ, ಅದಕ್ಕೆ. ಬಳಿಕ ಸಂಸ್ಥೆಯವರು ನನ್ನನ್ನು ಕಚೇರಿಯ ಕೆಲಸಕ್ಕೆ ಹಾಕಿದರು. ಅಷ್ಟು ವರ್ಷ ಸ್ಟಿಕ್ ಹಿಡಿದ ನಾನು ಪ್ರತಿಯೊಂದು ಕಡತಕ್ಕೂ ಪಕ್ಕದ ಮೇಜಿನವರನ್ನು ಕೇಳಬೇಕಾಯಿತು.

ಆದ್ದರಿಂದ ಪೊನ್ನಂಪೇಟೆಯ ಅಣ್ಣನವರಲ್ಲಿ ನನ್ನ ಕೋರಿಕೆಯಿಷ್ಟೆ: ಆ ಇಬ್ಬರನ್ನು ಸೀಸನ್ ಆರಂಭಕ್ಕೆ ಮೊದಲೇ ಕೂರಿಸಿಕೊಂಡು, ನಿಮ್ಮ ಬಾಯಿಂದಲೇ ಹೇಳಿ. ಹಾಕಿಯಲ್ಲಿ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಕಳುಹಿಸಬಹುದಾದ್ದರಿಂದ, 15 ನಿಮಿಷಗಳ ಕ್ವಾರ್ಟರಿನಲ್ಲಿ ಆರೇಳು ನಿಮಿಷ ಆಡಬಲ್ಲ ಹಿರಿಯನಿಗೂ ಜಾಗವಿದೆ. ಪೆನಾಲ್ಟಿ ಕಾರ್ನರ್ ಕೊಟ್ಟ ಮೇಲೆ ಬದಲಾವಣೆಗೆ ಅವಕಾಶವಿಲ್ಲ, ಹಾಗಾಗಿ ಮುನ್ನಡೆ ಕಾಯ್ದುಕೊಳ್ಳಬೇಕಾದ ಕೊನೆಯ ನಿಮಿಷಗಳಲ್ಲಿ ಅನುಭವಿಯೊಬ್ಬ ಆಗಲೇ ಒಳಗಿರಬೇಕು. ಆತ ಆಡುತ್ತಿರುವಾಗಲೇ ಹುಡುಗನೂ ಪಕ್ಕದಲ್ಲಿದ್ದು ಕಲಿಯಲಿ.
– ಮಾಜಿ ಆಟಗಾರ, ಸೋಮವಾರಪೇಟೆ

ಅಂಕಿ ಅಂಶಗಳೊಂದಿಗೆ ಬರೆದವರೊಬ್ಬರು ಹೀಗೆನ್ನುತ್ತಾರೆ.

ಟೋಕಿಯೊ ಒಲಿಂಪಿಕ್ಸ್‌ಗೆ ಪ್ರಕಟವಾದ 16 ಆಟಗಾರರ ಭಾರತ ತಂಡದಲ್ಲಿ 10 ಮಂದಿಗೆ ಅದು ಮೊದಲ ಒಲಿಂಪಿಕ್ಸ್. ಹಾಗೆಂದು ಅವರೆಲ್ಲ ಎಳೆಯರಲ್ಲ, ಅಮಿತ್ ರೋಹಿದಾಸ್‌ಗೆ ಆಗ 28 ವರ್ಷ. ಜರ್ಮನಿಯನ್ನು 5–4ರಿಂದ ಸೋಲಿಸಿ 41 ವರ್ಷಗಳ ಬಳಿಕ ಪದಕ ಗೆದ್ದ ಪಂದ್ಯದ ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರ್ ತಡೆದವರು 33ರ ಗೋಲ್‌ಕೀಪರ್ ಶ್ರೀಜೇಶ್. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಆ ತಂಡದಲ್ಲಿರಲಿಲ್ಲ. ಅದೇ 2021ರಲ್ಲಿ ಅವರು ಕಿರಿಯರಿಗೆ ದಾರಿ ಮಾಡಿಕೊಡುವ ಮಾತನ್ನಾಡಿ ಅಂತರರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದರು. 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾದ ಹಾಕಿ ಇಂಡಿಯಾ ಲೀಗ್‌ನಲ್ಲಿ ಪ್ರತಿ ತಂಡದ 24 ಆಟಗಾರರಲ್ಲಿ ನಾಲ್ವರು ಜೂನಿಯರ್‌ಗಳಿರಬೇಕೆಂದು ನಿಯಮ ಮಾಡಲಾಯಿತು. ಇಂಥ ನಿಯಮ ಸಂಸ್ಥೆಯಲ್ಲೂ ಇದ್ದರೆ ತರಬೇತುದಾರರು ಒಬ್ಬರೇ ನಿಷ್ಠುರ ಕಟ್ಟಿಕೊಳ್ಳಬೇಕಾಗಿಲ್ಲ.
– ಶಾಲಾ ದೈಹಿಕ ಶಿಕ್ಷಕರು, ಮಡಿಕೇರಿ

ನಿಯಮ ಸ್ಥಾನವನ್ನೇನೋ ಕೊಡುತ್ತದೆ; ಆಡುವ ನಿಮಿಷಗಳನ್ನು ಕೊಡಬೇಕಾದವರು ತರಬೇತುದಾರರೇ ಎಂಬುದನ್ನು ತಾಯಿಯೊಬ್ಬರ ಪತ್ರ ನೆನಪಿಸುತ್ತದೆ.

ಎಲ್ಲರೂ ಹಿರಿಯರ ನೋವನ್ನೇ ಬರೆಯುತ್ತಾರೆ. ನನ್ನ ಮಗ ಕೂಡಿಗೆಯ ಕ್ರೀಡಾ ಶಾಲೆಯಲ್ಲಿ ಓದಿ, ಈಗ ಒಂದು ತಂಡದಲ್ಲಿದ್ದಾನೆ. ಪಂದ್ಯವಿದ್ದ ದಿನ ಫೋನ್ ಮಾಡಿ "ಆಡಿದೆಯಾ ಮಗಾ?" ಎಂದರೆ "ಇಲ್ಲಮ್ಮಾ, ನೀರು ಕೊಟ್ಟೆ" ಎನ್ನುತ್ತಾನೆ. ಅವನ ಕಾಲಿನ ಶಕ್ತಿಯೂ ಹೀಗೆಯೇ ಇರುವುದಿಲ್ಲ. ಡಿಗ್ರಿ ಮುಗಿಸುವಂತೆ ಹೇಳಲೇ, ಕಾಯುವಂತೆ ಹೇಳಲೇ ಎಂದು ಯಾರಾದರೂ ತಿಳಿಸುವಿರಾ?
– ಓದುಗರು, ಗೋಣಿಕೊಪ್ಪಲು

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕೌಟುಂಬಿಕ ಹಾಕಿಯನ್ನು ಆರಂಭಿಸಿದಂದಿನಿಂದ ನಮ್ಮಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಯಾರನ್ನೂ ಬಿಡಬೇಕಾಗಿಲ್ಲ. ಆ ಇಬ್ಬರು ಹಿರಿಯರನ್ನು ಹಾಕಿ ನಮ್ಮೆಗೆ (ಹಾಕಿ ಹಬ್ಬಕ್ಕೆ) ಬರಹೇಳಿ.
– ಓದುಗರು, ಅಮ್ಮತ್ತಿ

ಆಹ್ವಾನ ಹೃತ್ಪೂರ್ವಕವಾದುದು, ಆದರೆ ಸಂಬಳ ಮತ್ತು ಬಡ್ತಿ ಆಟಕ್ಕೆ ಅಂಟಿಕೊಂಡಿರುವ ಕಡೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಗೋಣಿಕೊಪ್ಪಲಿನ ತಾಯಿಯ ಪ್ರಶ್ನೆಗೆ ಉತ್ತರಗಳನ್ನು ಮುಂದಿನ ಸಂಚಿಕೆಗೆ ಕಳುಹಿಸಬಹುದು. ಸೋಮವಾರಪೇಟೆಯ ಪತ್ರದ ಪ್ರತಿಯನ್ನು, ಬರೆದವರ ಒಪ್ಪಿಗೆ ಪಡೆದು, ಪ್ರಶ್ನೆ ಕೇಳಿದವರಿಗೆ ಅಂಚೆಯಲ್ಲಿ ತಲುಪಿಸಿದ್ದೇವೆ.